ಅಕ್ಕೋರ ಭಾನುವಾರದ ಓದು ಮುಂದ ನಡಸೋದು ಹೆಂಗ? ತಿಳಿದವರು ಬಿಡಿಸಿ ಬರೀರಿ

ಕೆಂಪು ಶಾಯಿ
ನಮ್ಮ ನಿವೃತ್ತ ಶಿಕ್ಷಕಿ ಅಕ್ಕೋರು ತೀರಿಕೊಂಡ ಸುದ್ದಿ ಎಲ್ಲರಿಗೂ ಮುಟ್ಟಿದೆ. ಶಾಲೆಯ ಅಂಗಳದಲ್ಲಿ ಪುತ್ಥಳಿ ಇಡಬೇಕು, ಬಸ್ ನಿಲ್ದಾಣಕ್ಕೆ ಅವರ ಹೆಸರಿಡಬೇಕು, ಎಸ್‌ಎಸ್‌ಎಲ್‌ಸಿಗೆ ದತ್ತಿ ಬಹುಮಾನ ಇಡಬೇಕು ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಎಲ್ಲವೂ ಪ್ರೀತಿಯಿಂದ ಬಂದ ಮಾತೇ. ಆದರೆ ನಮ್ಮ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ, ತಮ್ಮ ದೇಹವನ್ನು ಅಗ್ನಿಗೆ ಕೊಡಬೇಕು, ಚಿತಾಭಸ್ಮ ನೀರಿಗೆ ಬಿಡಬೇಕು, ಸ್ಮಾರಕ ಕಟ್ಟಬಾರದು ಅಂತ ಮೊದಲೇ ಬರೆದಿಟ್ಟಿದ್ದರು. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದ ಮೇಲೆ ಆ ಪತ್ರವನ್ನು ಅಕ್ಕೋರು ದೊಡ್ಡ ಮಕ್ಕಳಿಂದ ಗಟ್ಟಿಯಾಗಿ ಓದಿಸಿದ್ದರು. ಅವರಿಗೆ ಏನು ಇಷ್ಟವಾಗುತ್ತಿತ್ತು ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಿವೃತ್ತಿಯ ನಂತರ ಊರು ಮತ್ತು ಲಂಬಾಣಿ ತಾಂಡಾದ ಮಕ್ಕಳಿಗಾಗಿ ಅವರು ನಡೆಸಿದ ಭಾನುವಾರದ ಓದು ನಿಲ್ಲಬಾರದು. ತೊಂದರೆ ಏನೆಂದರೆ, ಆ ಕೆಲಸದ ಬಹುಪಾಲು ಅವರ ತಲೆಯಲ್ಲೇ ಇತ್ತು. ಹತ್ತಿರದಿಂದ ನೋಡಿದವರು ಇಲ್ಲಿ ಬರೀರಿ: ಓದು ಕಲಿಸುವ ಕ್ರಮ, ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಹೋಗುವವರ ಮಕ್ಕಳ ವ್ಯವಸ್ಥೆ, ಪುಸ್ತಕ, ದುಡ್ಡು. ಹೊಗಳುವ ಮಾತನ್ನು ನುಡಿನಮನದ ದಿನ ಆಡೋಣ.

ಸ್ಲೇಟು ಬಳಪ
ಓದಿನ ಕ್ರಮ ನಾನು ಬರೆಯುತ್ತೇನೆ.

ಅವರು ಅ ಆ ಇ ಈ ಅಂತ ಶುರು ಮಾಡುತ್ತಿರಲಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ಕಡೆ ಹುಟ್ಟಿ ರಾಜ್ಯಕ್ಕೆಲ್ಲ ಹರಡಿದ ನಲಿ-ಕಲಿ ಎಂಬ ಕಲಿಕಾ ಪದ್ಧತಿಯ ಅಕ್ಷರ ಗುಂಪುಗಳನ್ನೇ ಇಟ್ಟುಕೊಂಡಿದ್ದರು. ಮೊದಲ ಗುಂಪು ರ, ಗ, ಸ, ದ, ಅ. ಈ ಐದು ಬಂದರೆ ಸಾಕು: ಸರ, ದರ, ಅರಸ, ಗರಗಸ ಓದಬಹುದು. ಮೊದಲ ವಾರದಲ್ಲೇ ಅರ್ಥ ಇರುವ ಪದ ಬಾಯಿಗೆ ಬಂದ ಮಗು ಎರಡನೇ ವಾರ ಕರೆಯದೇ ಬರುತ್ತದೆ. ಎರಡನೇ ಗುಂಪು ಜ, ವ, ಮ, ಬ, ನ. ಮರ, ಜನ, ವನ, ಬಸವ. ನಮ್ಮ ಕಡೆ ಬಸವ ಅನ್ನೋದನ್ನ ತಾನೇ ಓದಿದ ದಿನ ಮಗುವಿಗೆ ಬೇರೆಯೇ ಹುರುಪು. ಗುಂಪು ಮುಗಿಯದೆ ಮುಂದಿನದಕ್ಕೆ ಕೈ ಹಾಕಬೇಡಿ. ಮುಗಿಯಿತು ಅಂದರೆ ಏನು? ಆ ಗುಂಪಿನ ಹತ್ತು ಪದದ ಚೀಟಿ ಕಲಸಿ ಕೊಟ್ಟರೆ ಎಂಟನ್ನಾದರೂ ತಡೆಯದೆ ಓದಬೇಕು.

ಚೀಟಿ ಮಾಡುವುದು ಹಳೆ ಕ್ಯಾಲೆಂಡರಿನ ಬೆನ್ನಿನ ಮೇಲೆ. ನಾಲ್ಕು ಇಂಚು ಅಗಲ, ಮೂರು ಇಂಚು ಎತ್ತರ. ಅಕ್ಷರ ಎರಡು ಇಂಚಿಗೆ ಕಡಿಮೆ ಬೇಡ. ಒಂದು ಬದಿ ಅಕ್ಷರ, ಇನ್ನೊಂದು ಬದಿ ಅದೇ ಅಕ್ಷರದಿಂದ ಶುರುವಾಗುವ ಪದ. ಮಾರ್ಕರ್ ಶಾಯಿ ಹಿಂದಕ್ಕೆ ಹಾಯುವ ಕಾಗದವಾದರೆ ಎರಡು ಹಾಳೆ ಅಂಟಿಸಿ, ಇಲ್ಲದಿದ್ದರೆ ಮಗು ಹಿಂದಿನ ನೆರಳು ನೋಡಿ ಉತ್ತರ ಹೇಳುತ್ತದೆ, ಓದಿದೆ ಅಂತ ನೀವು ನಂಬುತ್ತೀರಿ.

ಒಂದು ಪಾಠ 45 ನಿಮಿಷ. ಹಳೆ ಚೀಟಿ 10, ಹೊಸ ಅಕ್ಷರ 15, ಸ್ಲೇಟಿನ ಮೇಲೆ ಬರವಣಿಗೆ 10, ಕೊನೆಯ 10 ನಿಮಿಷ ಕಲಿಸುವವರು ಒಂದು ಕತೆ ಓದಿ ಹೇಳಬೇಕು. ಹೊಸದಾಗಿ ಬರುವ ಸ್ವಯಂಸೇವಕರು ಮೊದಲು ಬಿಡುವುದು ಈ ಕೊನೆಯದನ್ನೇ. ಬಿಡಬೇಡಿ. ಓದಿದರೆ ಏನು ಸಿಗುತ್ತದೆ ಅನ್ನುವುದು ಮಗುವಿಗೆ ಗೊತ್ತಾಗುವುದು ಅಲ್ಲೇ.

ಎಡವುವ ಜಾಗ ಹೇಳುತ್ತೇನೆ. ಪ, ಷ, ವ ಅದಲುಬದಲಾಗುತ್ತವೆ. ಬ-ಭ, ದ-ಧ ಕೂಡ. ಹೊಟ್ಟೆಯ ಕೆಳಗಿನ ಒಂದು ಸಣ್ಣ ಗೀಟಿನ ವ್ಯತ್ಯಾಸ ಅಷ್ಟೇ. ಒಂದೇ ತರಹದ ಜೋಡಿಯನ್ನು ಒಂದೇ ದಿನ ಹೇಳಿಕೊಟ್ಟರೆ ಎರಡೂ ಕೆಡುತ್ತವೆ. ಮೊದಲನೆಯದು ಗಟ್ಟಿಯಾದ ಮೇಲೆ ಎರಡನೆಯದು. ಮಹಾಪ್ರಾಣಗಳೆಲ್ಲ ಕೊನೆಗೆ.

ಗುಣಿತದಲ್ಲಿ ಗುಡಿಸು ಮತ್ತು ಏತ್ವ ನಮ್ಮ ಭಾಗದ ಮಕ್ಕಳನ್ನು ಹೆಚ್ಚು ಕಾಡುತ್ತವೆ. ಮನೆಯಲ್ಲಿ ಮನಿ, ತಲಿ, ಎಲಿ ಅಂತ ಕೇಳಿ ಬೆಳೆದ ಮಗು ಪುಸ್ತಕದಲ್ಲಿ "ಮನೆ" ಅಂತಿದ್ದರೂ "ಮನಿ" ಅಂತಲೇ ಓದುತ್ತದೆ. ಅಕ್ಕೋರು ಇದನ್ನು ತಪ್ಪು ಅನ್ನುತ್ತಿರಲಿಲ್ಲ. ಅರ್ಥ ಹಿಡಿದಿದೆ, ಓದು ಆಗಿದೆ. ಬರೆಯುವಾಗ ಮಾತ್ರ ಸ್ಲೇಟಿನ ಮೇಲೆ ಎರಡನ್ನೂ ಪಕ್ಕಪಕ್ಕ ಬರೆದು, "ಇದು ನಾವು ಆಡೋದು, ಇದು ಪುಸ್ತಕದಾಗಿಂದು" ಅಂತ ತೋರಿಸಿ ಮುಂದೆ ಹೋಗುತ್ತಿದ್ದರು. ಓದುವ ಬಾಯಿಗೆ ಅಡ್ಡ ಬಂದು ತಿದ್ದಿದರೆ ಮಗು ಬಾಯಿ ಮುಚ್ಚುತ್ತದೆ, ಮತ್ತೆ ತೆರೆಸುವುದು ಕಷ್ಟ.

ಒತ್ತಕ್ಷರಕ್ಕೆ ಅವ್ವ, ಅಪ್ಪ, ಅಕ್ಕ, ಅಣ್ಣ, ಅಜ್ಜ. ಅದೇ ಅಕ್ಷರಕ್ಕೆ ಅದೇ ಒತ್ತು. ಆಮೇಲೆ ಪುಸ್ತಕ, ರಸ್ತೆ. ಅರ್ಕಾವೊತ್ತು ಎಲ್ಲಕ್ಕಿಂತ ಹಿಂದೆ, ಏಕೆಂದರೆ ಬಾಯಿಯಲ್ಲಿ ಮೊದಲು ಬರುವ ಸದ್ದು ಬರವಣಿಗೆಯಲ್ಲಿ ಆಮೇಲೆ ಬರುತ್ತದೆ.

ತಾಂಡಾ ದಾರಿ
ಸರ್ ಬರೆದದ್ದಕ್ಕ ನಂದೊಂದು ಸೇರಿಸ್ತೀನ್ರಿ. ತಾಂಡಾದ ಮಕ್ಕಳ ಮನಿ ಮಾತು ಗೋರ್‌ಬೋಲಿ. ಕನ್ನಡ ಅವರಿಗೆ ಸಾಲಿಗೆ ಬಂದ ಮ್ಯಾಲೇ ಸಿಗೋ ಭಾಷೆ. ಅದಕ್ಕ ಅಕ್ಕೋರು ಅಕ್ಷರಕ್ಕಿಂತ ಮೊದಲು ಚಿತ್ರ ಇಡತಿದ್ರು. ರೊಟ್ಟಿ ಚಿತ್ರ ತೋರಿಸಿದ್ರ ಮಗು "ಬಾಟಿ" ಅಂತದ, ನೀರಿಗೆ "ಪಾಣಿ", ಅವ್ವಗ "ಯಾಡಿ". ಮೊದಲು ಮಗು ತನ್ನ ಮಾತಿನಾಗ ಹೇಳಬೇಕು, ಆಮ್ಯಾಲ ಕನ್ನಡ. ಮೊದಲ ಎರಡು ತಿಂಗಳು ಹಿಂಗೇ ಹೋದರೂ ಅವಸರ ಮಾಡಬ್ಯಾಡ್ರಿ. ಹೊಸಬರು ಇದನ್ನ ಬಿಟ್ಟು ನೇರ ಗರಗಸಕ್ಕ ಹೋಗ್ತಾರ. ಗರಗಸ ಅಂದ್ರ ಏನು ಅಂತ ಗೊತ್ತಿಲ್ಲದ ಮಗುವಿಗೆ ಅದು ಬರೇ ನಾಲ್ಕು ಗೀಟು.

ಇನ್ನ ಕಬ್ಬಿನ ಮಾತು. ದೀಪಾವಳಿ ಸುತ್ತಮುತ್ತ ತಾಂಡಾ ಖಾಲಿ ಆಗತದ, ಯುಗಾದಿ ಹೊತ್ತಿಗೆ ತುಂಬತದ. ಅಕ್ಕೋರ ಕೆಲಸ ಮಾತ್ರ ಅದಕ್ಕೂ ಮೊದಲು ಶುರು. ಯಾಕಂದ್ರ ಮುಕಾದಮ (ಕಬ್ಬಿನ ಕೂಲಿಗೆ ಮಂದಿ ಕರಕೊಂಡು ಹೋಗಂವ) ಮುಂಗಡ ಕೊಟ್ಟ ಮ್ಯಾಲೆ ಮನಿಯವರ ಕೈಯಾಗ ಏನೂ ಉಳಿಯಂಗಿಲ್ಲ, ಲೆಕ್ಕ ತೀರೋತನಕ ದುಡೀಲೇಬೇಕು. "ಮಗೂನ್ನ ಬಿಟ್ಟು ಹೋಗ್ರಿ" ಅಂತ ಲಾರಿ ಬಂದ ದಿನ ಹೇಳಿದ್ರ ಯಾರೂ ಕೇಳಂಗಿಲ್ಲ. ಗಣೇಶನ ಹಬ್ಬ ಮುಗಿದ ಕೂಡ್ಲೇ ಮನಿಮನಿಗೆ ಹೋಗಬೇಕು, ಅಜ್ಜಿ-ಮುತ್ಯಾ ಊರಾಗ ಉಳೀತಾರೋ ಕೇಳಬೇಕು. ಉಳಿಯೋದಾದ್ರ ಮಗು ಅವರ ಹತ್ರ. ಇಲ್ಲಂದ್ರ ಋತುಮಾನ ವಸತಿ ಕೇಂದ್ರ (ದುಡಿಯಾಕ ಹೋದವರ ಮಕ್ಕಳು ಅಷ್ಟು ತಿಂಗಳು ಉಳಿಯೋ ಜಾಗ) ನಡೀತದೇನು ಅಂತ ಮುಖ್ಯ ಗುರುಗಳ ಮೂಲಕ ವಿಚಾರಿಸಬೇಕು. ಎರಡೂ ಆಗದ ಮಕ್ಕಳಿಗೆ ಚೀಲ.

ಚೀಲದಾಗ ಏನಿರತಿತ್ತು ಅಂದ್ರ: ಮಗುವಿನ ಹೆಸರು, ತರಗತಿ, ಎಸ್‌ಎಟಿಎಸ್ ಸಂಖ್ಯೆ (ಸಾಲಿ ದಾಖಲೆಯಾಗ ಪ್ರತಿ ಮಗುವಿಗೂ ಇರೋ ಗುರುತಿನ ನಂಬರ್) ಬರೆದ ಚೀಟಿ (ಪ್ಲಾಸ್ಟಿಕ್ಕಿನಾಗ ಹಾಕಿದ್ದು, ಗುಡಿಸಲಾಗ ನೀರು ಸೋರತದ), ಕೆಂಪು ಪಟ್ಟಿ ಮತ್ತ ಹಳದಿ ಪಟ್ಟಿಯ ಒಂದೊಂದು ಪುಸ್ತಕ, ಒಂದು ನೋಟುಬುಕ್ಕು, ಎರಡು ಪೆನ್ಸಿಲ್. ನಮ್ಮ ಕಡೆ ಉಳಿಯೋ ವಹಿಯಾಗ ಕಾರ್ಖಾನಿ ಯಾವ ತಾಲೂಕಿನಾಗ ಅದ, ಮುಕಾದಮನ ಫೋನ್ ನಂಬರ್ ಯಾವುದು, ಎರಡೂ ಬರಕೊಂಡಿರಬೇಕು. ಅಪ್ಪನ ನಂಬರ್ ಒಂದನ್ನೇ ನಂಬಬ್ಯಾಡ್ರಿ, ಸಿಮ್ ಬದಲಾಗತದ.

ಹೋದ ಕಡೆ ಸರ್ಕಾರಿ ಸಾಲಿಯವರು "ದಾಖಲೆ ಇಲ್ಲ" ಅಂತ ವಾಪಸ್ ಕಳಸೋಹಂಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆ, 2009, ಮಹಾರಾಷ್ಟ್ರಕ್ಕೂ ಅದೇ. ವಯಸ್ಸಿನ ದಾಖಲೆ ಇಲ್ಲಂತ ಪ್ರವೇಶ ನಿರಾಕರಿಸಬಾರದು ಅಂತ 14ನೇ ಕಲಮು, ವಯಸ್ಸಿಗೆ ತಕ್ಕ ತರಗತಿ ಅಂತ 4ನೇ ಕಲಮು. ಇದನ್ನ ಕನ್ನಡ, ಮರಾಠಿ ಎರಡರಾಗೂ ಒಂದು ಹಾಳಿಗೆ ಬರೆದು ಚೀಲದಾಗ ಇಡತಿದ್ರು.

ತಿರುಗಿ ಬಂದ ಮಗುವಿಗೆ ಹೊಸ ದಾಖಲಾತಿ, ಹೊಸ ಸಂಖ್ಯೆ ಮಾಡಸಬಾರದು. ಒಂದೇ ಮಗು ಎರಡು ಕಡೆ ದಾಖಲಾಗಿ ಮುಂದ ಎಸ್‌ಎಸ್‌ಎಲ್‌ಸಿ ನೋಂದಣಿಗೆ ತೊಡಕಾಗತದ. ಹಳೇ ಎಸ್‌ಎಟಿಎಸ್ ಸಂಖ್ಯೆನೇ ಹುಡುಕಸ್ರಿ.

ಕಪಾಟು
ಪುಸ್ತಕದ ವಿಷಯ. ಪಟ್ಟಿ ಅಂದರೆ ಬೆನ್ನಿಗೆ ಅಂಟಿಸುವ ಬಣ್ಣದ ಟೇಪು. ಕೆಂಪು: ಪುಟಕ್ಕೆ ಒಂದು ಸಾಲು. ಹಳದಿ: ಎರಡರಿಂದ ನಾಲ್ಕು ಸಾಲು, ಒತ್ತಕ್ಷರ ಕಡಿಮೆ. ಹಸಿರು: ಪುಟ ತುಂಬ ಬರಹ, ಚಿತ್ರ ಅಲ್ಲಲ್ಲಿ. ನೀಲಿ: ಚಿತ್ರವಿಲ್ಲದ್ದು. ವಯಸ್ಸು ನೋಡಿ ಬಣ್ಣ ಕೊಡಬೇಡಿ, ಓದು ನೋಡಿ ಕೊಡಿ. ಆರನೇ ತರಗತಿಯ ಹುಡುಗನಿಗೆ ಕೆಂಪು ಕೊಡಬೇಕಾದಾಗ ನಾಚಿಕೆಯಾಗದಂತೆ, "ಇದನ್ನ ನಿನ್ನ ತಮ್ಮಗ ಓದಿ ಹೇಳು" ಅಂತ ಕೊಡುತ್ತಿದ್ದರು. ಇದು ನನ್ನ ಕಣ್ಣಿಗೆ ಅವರ ದೊಡ್ಡ ಜಾಣ್ಮೆ.

ಕೆಂಪು, ಹಳದಿಗೆ ತೆಳ್ಳಗಿನ, 16ರಿಂದ 24 ಪುಟದ ಪುಸ್ತಕ ಬೇಕು. ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್, ನವಕರ್ನಾಟಕ ಇವರ ಮಕ್ಕಳ ಪುಸ್ತಕಗಳಲ್ಲಿ ಸಿಗುತ್ತವೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕತೆಗಳು ಮುಕ್ತ ಪರವಾನಗಿಯಲ್ಲಿವೆ, ಇಳಿಸಿಕೊಂಡು ಮುದ್ರಿಸಬಹುದು. ದಾನ ಅಂತ ಬರುವ ಹಳೆ ಗೈಡು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ, ಡೈರಿ ತಗೋಬೇಡಿ. ಕಪಾಟು ತುಂಬುತ್ತದೆ, ಮಕ್ಕಳು ಮುಟ್ಟುವುದಿಲ್ಲ, ಒಳ್ಳೆಯ ಪುಸ್ತಕ ಅದರ ಹಿಂದೆ ಮುಚ್ಚಿಹೋಗುತ್ತದೆ.

ದಂಡ ಇಲ್ಲವೇ ಇಲ್ಲ. ಪುಸ್ತಕ ಹರಿದರೆ ಐದು ರೂಪಾಯಿ ಅಂದ ದಿನದಿಂದ ಬಡವರ ಮಕ್ಕಳು ಪುಸ್ತಕ ಒಯ್ಯುವುದೇ ನಿಲ್ಲುತ್ತದೆ. ಕಳೆದುಹೋದರೆ ಆ ಕತೆಯನ್ನು ಚಿಕ್ಕವರಿಗೆ ಬಾಯಲ್ಲಿ ಹೇಳಬೇಕು, ಅಷ್ಟೇ.

ಹರಿದದ್ದಕ್ಕೆ ಸೆಲ್ಲೋಟೇಪು ಹಚ್ಚಬೇಡಿ, ಎರಡು ಬೇಸಿಗೆಗೆ ಹಳದಿಯಾಗಿ ಕಾಗದ ತಿನ್ನುತ್ತದೆ. ಮೈದಾ ಅಂಟು ಮಾಡಿ: ಒಂದು ಪಾಲು ಮೈದಾಕ್ಕೆ ಆರು ಪಾಲು ನೀರು. ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ, ಬಿಳುಪು ಹೋಗಿ ಪಾರದರ್ಶಕವಾಗುವವರೆಗೆ. ಹುಳ ಬೀಳದಿರಲೆಂದು ಬೈಂಡಿಂಗ್‌ನವರು ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ. ಮಕ್ಕಳು ಕೂತು ಅಂಟಿಸುವ ಕಡೆ ಬೇಡ, ಬೇಕಾದಷ್ಟೇ ಮಾಡಿ ಅಂದೇ ಮುಗಿಸಿ. ಬೆನ್ನಿಗೆ ಒಂದೂವರೆ ಇಂಚು ಅಗಲದ ಹತ್ತಿ ಬಟ್ಟೆಯ ಪಟ್ಟಿ.

ಕಪಾಟು ಗೋಡೆಗೆ ತಾಗಿಸಬೇಡಿ, ನಾಲ್ಕು ಇಂಚು ಬಿಡಿ. ಕಾಲ ಕೆಳಗೆ ಇಟ್ಟಿಗೆ. ಗೆದ್ದಲು ಗೋಡೆ ಹಿಡಿದೇ ಏರುತ್ತದೆ, ಬಿಟ್ಟ ಜಾಗದಲ್ಲಿ ಮಣ್ಣಿನ ಗೆರೆ ಕಂಡರೆ ಅವತ್ತೇ ಕೆರೆಯಬಹುದು.

ಹಳೇ ಗುರುಗಳು
ಇಷ್ಟೆಲ್ಲ ತಾಪತ್ರಯ ಯಾಕೆ, ಪುಸ್ತಕವನ್ನೆಲ್ಲ ಗ್ರಾಮ ಪಂಚಾಯತಿ ಅರಿವು ಕೇಂದ್ರಕ್ಕೆ (ಪಂಚಾಯತಿ ಗ್ರಂಥಾಲಯಕ್ಕೆ) ಒಪ್ಪಿಸಬಾರದೇಕೆ? 2020ರ "ಓದುವ ಬೆಳಕು" ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಕಟ್ಟಡ ಇದೆ, ಮೇಲ್ವಿಚಾರಕರಿದ್ದಾರೆ.

ಕಪಾಟು
ಸರ್, ಸದಸ್ಯತ್ವ ಎಲ್ಲ ಮಕ್ಕಳಿಗೂ ಮಾಡಿಸೋಣ, ಅದರಲ್ಲಿ ಎರಡು ಮಾತಿಲ್ಲ. ಹಸಿರು, ನೀಲಿ ಪಟ್ಟಿಯವನ್ನು ಅಲ್ಲಿಗೇ ಕೊಡೋಣ. ಪಟ್ಟಿ ಎರಡು ಪ್ರತಿ ಮಾಡಿ ಒಂದಕ್ಕೆ ಸಹಿ ಹಾಕಿಸಿಕೊಳ್ಳಬೇಕು. ಆದರೆ ಕೆಂಪು, ಹಳದಿ ತಾಂಡಾದಲ್ಲೇ ಇರಲಿ. ಆರು ವರ್ಷದ ಮಗು ಒಬ್ಬಂಟಿಯಾಗಿ ಹೆದ್ದಾರಿ ದಾಟಿ ಪುಸ್ತಕ ತರಲು ಹೋಗುವುದಿಲ್ಲ.

ಹಳೇ ಗುರುಗಳು
ಹೆದ್ದಾರಿಯ ಮಾತು ಒಪ್ಪಿದೆ. ಹಾಗೇ ಮಾಡಿ.

ಲೆಕ್ಕದ ಪುಸ್ತಕ
ದತ್ತಿ ಇಡುವವರು ಓದಿ. ಕನ್ನಡ ಸಾಹಿತ್ಯ ಪರಿಷತ್ತಿನಿಂದ ಹಿಡಿದು ಹಳ್ಳಿ ಶಾಲೆಯವರೆಗೆ ದತ್ತಿ ನಡೆಯುವುದು ಒಂದೇ ತತ್ವದ ಮೇಲೆ: ಮೂಲಧನ ಮುಟ್ಟಬಾರದು, ಬಡ್ಡಿಯಲ್ಲಿ ಕೆಲಸ. ದತ್ತಿಗಳು ಸಾಯುವುದು ದುಡ್ಡು ಸಾಲದೆ ಅಲ್ಲ, ನವೀಕರಣ ಮರೆತು. ಮುಖ್ಯ ಗುರುಗಳಿಗೆ ವರ್ಗವಾಗುತ್ತದೆ, ಠೇವಣಿ ಪತ್ರ ಬೀರುವಿನಲ್ಲಿ ಉಳಿಯುತ್ತದೆ, ಹೊಸಬರಿಗೆ ಗೊತ್ತೇ ಇರುವುದಿಲ್ಲ. ಅವಧಿ ಮುಗಿದು ಯಾರೂ ಕೇಳದೆ ಬಿದ್ದ ಠೇವಣಿಗೆ ಉಳಿತಾಯ ಖಾತೆಯ ದರ ಅಥವಾ ಒಪ್ಪಂದದ ದರ, ಯಾವುದು ಕಡಿಮೆಯೋ ಅದು. ಹತ್ತು ವರ್ಷ ದಾಟಿದರೆ ರಿಸರ್ವ್ ಬ್ಯಾಂಕಿನ ಠೇವಣಿದಾರರ ನಿಧಿಗೆ ಹೋಗುತ್ತದೆ. ವಾಪಸು ಕೇಳಬಹುದು, ಆದರೆ ಕಾಗದಪತ್ರ ಒದಗಿಸುವಷ್ಟರಲ್ಲಿ ಸಾಕಾಗುತ್ತದೆ.

ಹೊಸ ಸಂಘ ನೋಂದಾಯಿಸುವ ಮಾತೂ ಬಂತು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಏಳು ಜನ ಇದ್ದರೆ ಆಗುತ್ತದೆ. ಆದರೆ ಪ್ರತಿ ವರ್ಷ ಸಭೆ, ಲೆಕ್ಕಪರಿಶೋಧನೆ, ಪಟ್ಟಿ ಸಲ್ಲಿಕೆ ಇವನ್ನೆಲ್ಲ ಯಾರು ಮಾಡುತ್ತಾರೆ? ಇಷ್ಟು ಸಣ್ಣ ಮೊತ್ತಕ್ಕೆ ಅದು ಭಾರ. ಶಾಲೆಯ ಎಸ್‌ಡಿಎಂಸಿ (ಶಾಲೆಯ ಅಭಿವೃದ್ಧಿ, ಮೇಲುಸ್ತುವಾರಿ ಸಮಿತಿ) ಹೆಸರಿನಲ್ಲಿ ಪ್ರತ್ಯೇಕ ಠೇವಣಿ ಸಾಕು. ಠರಾವಿನಲ್ಲಿ ಉದ್ದೇಶ, ಮೂಲಧನ ತೆಗೆಯಬಾರದೆಂಬ ಷರತ್ತು, ಸಹಿ ಮಾಡುವವರ ಹುದ್ದೆ ಇವು ಬರಬೇಕು. ಹುದ್ದೆ ಬರೀರಿ, ವ್ಯಕ್ತಿಯ ಹೆಸರಲ್ಲ. ಪ್ಯಾನ್ ಏನು ಕೊಡಬೇಕು ಅಂತ ಬ್ಯಾಂಕಿನಲ್ಲಿ ಮೊದಲೇ ಕೇಳಿಕೊಳ್ಳಿ. ತೆರಿಗೆ ಹಿಡಿಯುವಷ್ಟು ಬಡ್ಡಿ ಬಂದಾಗ ಪ್ಯಾನ್ ಇಲ್ಲದಿದ್ದರೆ ಕಡಿತ ಶೇ. 20. ಠರಾವಿನ ಪ್ರತಿ ಶಾಲೆಯಲ್ಲೊಂದು, ಪಂಚಾಯತಿಯಲ್ಲೊಂದು, ಅಕ್ಕೋರ ಮನೆಯಲ್ಲೊಂದು. ನವೀಕರಣದ ತಾರೀಖನ್ನು ಶಾಲೆಯ ಕಚೇರಿ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿ. ಬೀರುವಿನ ಕಾಗದಕ್ಕಿಂತ ಗೋಡೆ ಗಟ್ಟಿ.

ಎರಡು ಲಕ್ಷ ಕೂಡಿತು, ಬಡ್ಡಿ ಶೇ. 6.5 ಅಂತ ಹಿಡಿಯಿರಿ: ವರ್ಷಕ್ಕೆ 13,000. ಅದರಲ್ಲಿ ಕಾಲುಭಾಗ, 3,250, ಮೂಲಧನಕ್ಕೇ ಸೇರಿಸಬೇಕು. ಇದನ್ನು ಮಾಡದ ದತ್ತಿಗಳಲ್ಲಿ ಇವತ್ತಿಗೂ 51 ರೂಪಾಯಿ ಬಹುಮಾನ ಕೊಡುತ್ತಿದ್ದಾರೆ. ಉಳಿದ 9,750ರಲ್ಲಿ 150 ರೂಪಾಯಿಯಂತೆ 40 ಚೀಲಕ್ಕೆ 6,000. ಮಿಕ್ಕ 3,750 ಹೊಸ ಪುಸ್ತಕಕ್ಕೆ. ಠೇವಣಿಯನ್ನು ಸೆಪ್ಟೆಂಬರ್ ಮೊದಲ ವಾರ ಇಡಿ, ಬಡ್ಡಿ ವರ್ಷಕ್ಕೊಮ್ಮೆ ಕೈಗೆ ಬರುವಂತೆ. ಆಗ ದಸರೆಗೆ ಮೊದಲೇ ದುಡ್ಡು ಸಿಕ್ಕು ಚೀಲ ತಯಾರಾಗುತ್ತದೆ. ಮಾರ್ಚ್‌ನಲ್ಲಿ ಬಂದ ಬಡ್ಡಿ ಈ ಕೆಲಸಕ್ಕೆ ಉಪಯೋಗವಿಲ್ಲ.

ಜೋಳದ ತೆನೆ
ಹಾಗಾದರೆ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚು ಅಂಕ ತೆಗೆದವರಿಗೆ ಬಹುಮಾನ ಇಲ್ಲವೇ?

ಸ್ಲೇಟು ಬಳಪ
ಹೆಚ್ಚು ಅಂಕ ಬಂದವರಿಗೆ ಸನ್ಮಾನ ಮಾಡಲು ಊರೇ ಇದೆ. ಅಕ್ಕೋರು ಜೀವ ಸವೆಸಿದ್ದು ಕೊನೆಯ ಸಾಲಿನಲ್ಲಿ ಕೂತವರಿಗೆ. ಹಾಗಂತ "ಕಬ್ಬಿನಿಂದ ಮರಳಿದ ಮಗು" ಅಂತ ವೇದಿಕೆಗೆ ಕರೆದು ಕೊಡುವುದೂ ಬೇಡ, ಬಡತನದ ಹಣೆಪಟ್ಟಿ ಆಗುತ್ತದೆ. ಚೀಲವನ್ನು ಮನೆಗೇ ಒಯ್ದು ಕೊಡಬೇಕು, ಅವರು ಕೊಡುತ್ತಿದ್ದದ್ದು ಹಾಗೇ.

ದೀಪದ ಬತ್ತಿ
ಅಕ್ಕೋರ ಕಣ್ಣು ದಾನವಾದದ್ದು ಕೇಳಿ ಬಹಳ ಮಂದಿ ವಿಚಾರಿಸುತ್ತಿದ್ದಾರೆ. ಸಾವಾದ ಆರು ತಾಸಿನೊಳಗೆ ಕಾರ್ನಿಯಾ ತೆಗೆಯಬೇಕು, ಎಷ್ಟು ಬೇಗ ಅಷ್ಟು ಒಳ್ಳೆಯದು. ಮೊದಲೇ ಪ್ರತಿಜ್ಞಾ ಪತ್ರ ಬರೆದಿರದಿದ್ದರೂ ಹತ್ತಿರದ ಸಂಬಂಧಿಕರ ಒಪ್ಪಿಗೆ ಸಾಕು. ನೇತ್ರ ಬ್ಯಾಂಕಿಗೆ ಫೋನ್ ಮಾಡಿ, ಅವರು ಬರುವವರೆಗೆ ಮೇಲಿನ ಫ್ಯಾನ್ ಬಂದ್ ಮಾಡಿ, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ, ತಲೆಯ ಕೆಳಗೆ ದಿಂಬು ಕೊಟ್ಟು ಎತ್ತರಿಸಿ. ಫ್ಯಾನ್ ಹಾಗೇ ಬಿಟ್ಟು ಕಾರ್ನಿಯಾ ಒಣಗಿ ಕೆಲಸಕ್ಕೆ ಬಾರದಾಗುವುದು ಮನೆಗಳಲ್ಲಿ ಆಗುವ ದೊಡ್ಡ ತಪ್ಪು. ತೆಗೆಯಲು ಅರ್ಧ ತಾಸೂ ಬೇಡ, ಮುಖ ವಿಕಾರವಾಗುವುದಿಲ್ಲ. ಕನ್ನಡಕ, ಸಕ್ಕರೆ ಕಾಯಿಲೆ, ಪೊರೆಯ ಶಸ್ತ್ರಚಿಕಿತ್ಸೆ ಯಾವುದೂ ಅಡ್ಡಿಯಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ರೇಬಿಸ್, ರಕ್ತಕ್ಕೆ ಏರಿದ ನಂಜು ಇದ್ದರೆ ತಗೊಳ್ಳುವುದಿಲ್ಲ. ಮರಣದ ಕಾರಣ ತಿಳಿಸುವ ವೈದ್ಯರ ಪತ್ರ ಕೈಯಲ್ಲಿರಲಿ.

ಬೇವಿನ ಕಟ್ಟೆ
ಅವರ ಹೆಸರಲ್ಲಿ ಗಿಡ ನೆಡುವವರಿಗೆ ಒಂದು ಮಾತು. ಪುಣ್ಯತಿಥಿ ನೋಡಿ ನೆಡಬೇಡಿ, ಮಳೆ ನೋಡಿ ನೆಡಿ. ನಮ್ಮಲ್ಲಿ ಜೂನ್‌ನ ಮಳೆ ನಂಬಿ ನೆಟ್ಟರೆ ಜುಲೈ, ಆಗಸ್ಟ್‌ನ ಬಿಡುವಿನಲ್ಲಿ ಒಣಗುತ್ತದೆ, ವರ್ಷದ ಜೋರು ಮಳೆ ಸೆಪ್ಟೆಂಬರಿಗೆ. ಎರಡಡಿ ಉದ್ದ, ಅಗಲ, ಆಳದ ಗುಂಡಿ. ತೆಗೆದ ಎರೆಮಣ್ಣನ್ನೇ ತುಂಬಬೇಡಿ. ಬೇಸಿಗೆಯಲ್ಲಿ ಬಾಯಿ ಬಿಟ್ಟು ಬೇರು ಹರಿಯುತ್ತದೆ. ಅರ್ಧ ಎರೆಮಣ್ಣು, ಅರ್ಧ ಗರಸು, ಜೊತೆಗೆ ಒಂದು ಬುಟ್ಟಿ ಕೊಳೆತ ತಿಪ್ಪೆಗೊಬ್ಬರ. ಬೇವು, ಹೊಂಗೆ, ಹುಣಸೆ ತಾಳುತ್ತವೆ. ಗೋಡೆಯಿಂದ ಹದಿನೈದು ಅಡಿ ದೂರ. ಮೊದಲ ಎರಡು ಬೇಸಿಗೆ ನಾಲ್ಕು ದಿನಕ್ಕೊಮ್ಮೆ ಒಂದು ಕೊಡ ನೀರು, ಸುತ್ತ ಜಾಲಿಮುಳ್ಳು. ನೀರು ಹಾಕುವ ಮಗುವಿನ ಹೆಸರು ಗೊತ್ತಾಗುವವರೆಗೆ ಗುಂಡಿ ತೋಡಬೇಡಿ.

ಅಚ್ಚಿನ ಮನೆ
ಸ್ಮರಣ ಸಂಚಿಕೆಗೆ ಫೋಟೋ ಕಳಿಸುವವರು ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಕುಗ್ಗಿ ಮುದ್ರಣದಲ್ಲಿ ಮಸುಕಾಗುತ್ತದೆ. ಹಳೆ ಕಪ್ಪುಬಿಳುಪು ಚಿತ್ರ ಸಣ್ಣದಿದ್ದರೆ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. ಬರಹ ಯುನಿಕೋಡಿನಲ್ಲೇ ಇರಲಿ. ಹಳೆಯ "ನುಡಿ" ತಂತ್ರಾಂಶದ ಕಡತ ಪರಿವರ್ತಿಸಿದರೆ ಅರ್ಕಾವೊತ್ತು, ಒತ್ತಕ್ಷರ ಜಾಗ ತಪ್ಪುತ್ತವೆ, ಕರಡು ಎರಡು ಸಲ ನೋಡಲೇಬೇಕು. ಪುಟ ಹದಿನಾರರ ಲೆಕ್ಕದಲ್ಲಿ ಹೊಂದಿಸಿ: 48, 64, 80. ಅರವತ್ತಾರು ಪುಟವಾದರೆ ಎರಡು ಪುಟಕ್ಕಾಗಿ ಬೇರೆ ಹಾಳೆ ಹತ್ತಿಸಬೇಕಾಗಿ ಖರ್ಚು ಏರುತ್ತದೆ.

ನನ್ನ ಕೋರಿಕೆ: ಅರ್ಧ ಪುಸ್ತಕ ಈ ಮೇಲಿನ ಕ್ರಮಗಳಿಗೇ ಇರಲಿ. ಚೀಟಿಯ ಅಳತೆ, ಅಕ್ಷರದ ಗುಂಪು, ಚೀಲದ ಪಟ್ಟಿ. ಇನ್ನೊಂದು ಊರಿನವರು ಕೈಯಲ್ಲಿ ಹಿಡಿದು ಕೆಲಸ ಶುರು ಮಾಡುವಂತಿರಬೇಕು.

ಕೆಂಪು ಶಾಯಿ
ಒಪ್ಪಿದೆ. ಪುತ್ಥಳಿಗೆಂದು ದುಡ್ಡು ಹೇಳಿದವರನ್ನೂ ಕೇಳಿದ್ದೇನೆ, ದತ್ತಿಗೆ ಸೇರಿಸಲು ತಯಾರಿದ್ದಾರೆ. ಒಂದು ಪ್ರಶ್ನೆ ಉಳಿಯಿತು. ಕಬ್ಬಿಗೆ ಹೋದ ಮಗು ಅಲ್ಲಿ ಮರಾಠಿ ಶಾಲೆಗೆ ಸೇರಿದರೆ ನಮ್ಮ ಕನ್ನಡ ಪುಸ್ತಕ ಗೊಂದಲ ಮಾಡುವುದಿಲ್ಲವೇ?

ತಾಂಡಾ ದಾರಿ
ಮೊದಲು ಕಾರ್ಖಾನಿ ಯಾವ ತಾಲೂಕಿನಾಗ ಅದ ಅಂತ ನೋಡ್ರಿ. ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ಕಡೆ ಕನ್ನಡ ಮಾಧ್ಯಮದ ಸಾಲಿ ಅದಾವ, ಹತ್ತಿರದ್ದು ಯಾವುದು ಅಂತ ಹೋಗೋಕಿಂತ ಮೊದಲೇ ಮುಕಾದಮಗ ಕೇಳಿ ಬರಕೊಳ್ರಿ. ಅದಕ್ಕಿಂತ ಆಚೆ ಹೋದ್ರ ಮರಾಠಿ ಸಾಲಿನೇ ಗತಿ, ಅಲ್ಲಿ ಕೂಡಲಿ, ಮನಿಯಾಗ ಕೂತಿರೋದಕ್ಕಿಂತ ಮೇಲು. ಅಂಥವರ ಚೀಲದಾಗ ಹಳದಿ ತೆಗೆದು ಕೆಂಪು ಪಟ್ಟಿಯವೇ ಎರಡು ಹಾಕ್ರಿ, ಅದೂ ಮಗು ಇಲ್ಲಿ ಓದಿ ಮುಗಿಸಿದ್ದು. ಹೊಸದನ್ನ ಅಲ್ಲಿ ಒಬ್ಬೇ ಓದಂಗಿಲ್ಲ, ಗೊತ್ತಿದ್ದ ಕತಿ ಆದ್ರ ತಂಗಿಗೆ ಓದಿ ಹೇಳತದ, ಅಕ್ಷರ ಮರಿಯಂಗಿಲ್ಲ. ಈ ವರ್ಷ ಯಾರ್ ಯಾರು ಎಲ್ಲೆಲ್ಲಿ ಹೋಗ್ತಾರ ಅನ್ನೋ ವಹಿ ಅಕ್ಕೋರ ಮನಿಯಾಗ, ಕಪಾಟಿನ ಮ್ಯಾಲಿನ ಖಾನೆದಾಗ ಅದ. ಅವರ ಮಗಳಿಗೆ ಹೇಳೀನಿ, ಭಾನುವಾರ ಬಂದು ತಗೊಂಡು ಹೋಗ್ರಿ.